ನೆಲದ ತುದಿಗೆ ಹೆಸರಿಟ್ಟವರು ಯಾರು?

ನಿಟ್ಟುವಳ್ಳಿಯ ನಮ್ಮ ಕಲಿಕಾ ಕೇಂದ್ರ. ಒಂದು ಸಂಜೆ ಗೋಡೆಗೆ ಭಾರತದ ನಕ್ಷೆ ತೂಗುಹಾಕಿದೆವು. ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬಂದವರಿದ್ದರು. ನಾಲ್ಕು ಮನೆಯ ಪಾತ್ರೆ ತೊಳೆದು ಬಂದವರಿದ್ದರು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವರೂ ಇದ್ದರು. ಎಲ್ಲರೂ ನಕ್ಷೆಯ ಮುಂದೆ ನಿಂತೆವು.

ಮೊದಲು ಹುಡುಕಿದ್ದು ದಾವಣಗೆರೆಯನ್ನು. ಸಿಕ್ಕಿತು. ಅದರ ಪಕ್ಕದಲ್ಲೇ ಹರಿಹರ. ಆಮೇಲೆ ಒಬ್ಬ ಅಕ್ಕ ಬೆರಳನ್ನು ಕೆಳಕ್ಕೆ ಜಾರಿಸುತ್ತಾ ಹೋದರು. ನೆಲ ಕಿರಿದಾಗುತ್ತಾ ಬಂತು. ಕೊನೆಗೆ ಬೆರಳು ನೀಲಿ ಬಣ್ಣಕ್ಕೆ ತಾಗಿತು.

"ಇಲ್ಲಿಗೆ ನೆಲ ಮುಗೀತು. ಏನೋ ಬರ್ದಾರೆ ನೋಡ್ರಿ" ಅಂದರು. ಅಕ್ಷರ ಕೂಡಿಸಿ ಓದಿದರು. "ಕ... ನ್ಯಾ... ಕು... ಮಾ... ರಿ."

ಹಿಂದೆ ಕೂತಿದ್ದ ಅಜ್ಜಿ ಎದ್ದು ಬಂದರು. "ಅಯ್ಯ, ಅಲ್ಲಿಗೆ ನಾನು ಹೋಗಿ ಬಂದೀನಿ! ಯಾತ್ರೆ ಬಸ್ಸಿನಾಗೆ ಕರ್ಕೊಂಡು ಹೋಗಿದ್ರು. ರಾಮೇಶ್ವರ ಮುಗಿಸಿ ಅಲ್ಲಿಗೆ ಹೋದ್ವಿ. ಸಮುದ್ರ ನೋಡಿ ಕೈ ಮುಗ್ದು ಬಂದೆ. ಆದ್ರೆ ಅದು ಎಲ್ಲೈತಿ ಅಂತ ಇವತ್ತು ಗೊತ್ತಾತು" ಅಂದರು.

ಎಲ್ಲರೂ ನಕ್ಕೆವು. ಆದರೆ ಅಜ್ಜಿಯ ಮಾತು ಸಣ್ಣದಲ್ಲ. ಹೋಗಿ ಬರುವುದು ಬೇರೆ. ಎಲ್ಲಿಗೆ ಹೋಗಿದ್ದೆವು ಎಂದು ತಿಳಿಯುವುದು ಬೇರೆ. ಅಂದು ಇನ್ನೂ ಎರಡು ಪ್ರಶ್ನೆ ಬಂದವು. ನೆಲ ಅಲ್ಲಿಗೇ ಮುಗಿಯುತ್ತದೆಯೇ? ಆ ತುದಿಗೆ ಹೆಸರಿಟ್ಟವರು ಯಾರು? ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಮೊದಲು ದಿಕ್ಕು ತಿಳಿಯೋಣ

ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಲ್ಲೋಣ. ಸೂರ್ಯ ಮೂಡುವ ಕಡೆ ಮೂಡಣ, ಅಂದರೆ ಪೂರ್ವ. ಬೆನ್ನಿನ ಕಡೆ ಪಡುವಣ, ಅಂದರೆ ಪಶ್ಚಿಮ. ಎಡಗೈ ಕಡೆ ಬಡಗಣ, ಅಂದರೆ ಉತ್ತರ. ಬಲಗೈ ಕಡೆ ತೆಂಕಣ, ಅಂದರೆ ದಕ್ಷಿಣ. ಸಂಸ್ಕೃತದಲ್ಲಿ ದಕ್ಷಿಣ ಅನ್ನುವ ಮಾತಿಗೆ ಬಲಗಡೆ ಎಂಬ ಅರ್ಥವೂ ಇದೆ. ಹಿಂದಿನವರೂ ನಮ್ಮ ಹಾಗೆಯೇ ಸೂರ್ಯನ ಎದುರು ನಿಂತು ದಿಕ್ಕಿಗೆ ಹೆಸರಿಟ್ಟಿದ್ದಾರೆ.

ನಕ್ಷೆಯಲ್ಲಿ ಸಾಮಾನ್ಯವಾಗಿ ಉತ್ತರ ಮೇಲಿರುತ್ತದೆ. ದಕ್ಷಿಣ ಕೆಳಗಿರುತ್ತದೆ. ದಾವಣಗೆರೆಯಿಂದ ಕನ್ಯಾಕುಮಾರಿಗೆ ನೆಟ್ಟಗೆ ಗೆರೆ ಎಳೆದರೆ 700 ಕಿಲೋಮೀಟರಿಗೂ ಹೆಚ್ಚು ದೂರ. ನಕ್ಷೆಯಲ್ಲಿ ಅದು ನಮ್ಮ ಒಂದು ಗೇಣು ಕೂಡ ಆಗಲಿಲ್ಲ.

ಭೂಶಿರ ಅಂದರೆ ಏನು?

ಹಸು ಕೆರೆಗೆ ಬಂದು ನೀರು ಕುಡಿಯುವುದನ್ನು ನೋಡಿದ್ದೇವೆ. ಮೈ ದಡದಲ್ಲಿರುತ್ತದೆ. ತಲೆ ಮಾತ್ರ ನೀರಿನ ಮೇಲೆ ಚಾಚಿರುತ್ತದೆ. ಕೆಲವು ಕಡೆ ನೆಲವೂ ಹೀಗೆ ಸಮುದ್ರಕ್ಕೆ ತಲೆ ಚಾಚಿರುತ್ತದೆ. ಅದನ್ನು ಭೂಶಿರ ಅನ್ನುತ್ತಾರೆ. ಭೂ ಅಂದರೆ ನೆಲ. ಶಿರ ಅಂದರೆ ತಲೆ. ಇಂಗ್ಲಿಷಿನಲ್ಲಿ ಕೇಪ್ ಅನ್ನುತ್ತಾರೆ. ಅದೂ ತಲೆ ಎಂಬ ಅರ್ಥದ ಹಳೆಯ ಮಾತಿನಿಂದಲೇ ಬಂದದ್ದು. ನೆಲಕ್ಕೂ ತಲೆ ಇದೆ ಅಂತ ಎಷ್ಟೋ ದೇಶದ ಜನರಿಗೆ ಅನ್ನಿಸಿದೆ.

ಭೂಶಿರ ಯಾಕೆ ಆಗುತ್ತದೆ? ಸಮುದ್ರದ ಅಲೆ ಹಗಲು ರಾತ್ರಿ ದಡವನ್ನು ಹೊಡೆಯುತ್ತದೆ. ಮೆತ್ತನೆ ಮಣ್ಣು ಕೊಚ್ಚಿಹೋಗುತ್ತದೆ. ಗಟ್ಟಿ ಬಂಡೆ ಉಳಿಯುತ್ತದೆ. ಉಳಿದ ಬಂಡೆ ಮೂಗಿನ ಹಾಗೆ ಮುಂದಕ್ಕೆ ಚಾಚಿ ನಿಲ್ಲುತ್ತದೆ.

ನಮ್ಮ ಕರ್ನಾಟಕದ ಕರಾವಳಿಯಲ್ಲೂ ಇಂಥ ಜಾಗಗಳಿವೆ. ಮುರುಡೇಶ್ವರಕ್ಕೆ ಹೋದವರು ನಮ್ಮಲ್ಲಿ ಹಲವರಿದ್ದಾರೆ. ಅಲ್ಲಿ ದೇವಸ್ಥಾನವಿರುವ ಗುಡ್ಡದ ಹೆಸರು ಕಂದುಕಗಿರಿ. ಅದಕ್ಕೆ ಮೂರು ಕಡೆ ಸಮುದ್ರ. ಉಡುಪಿ ಹತ್ತಿರದ ಕಾಪುವಿನಲ್ಲಿ ಕಡಲ ದಂಡೆಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ರಾತ್ರಿ ಹಡಗಿನವರಿಗೆ ಅದು ದಾರಿ ತೋರುತ್ತದೆ. ಇಲ್ಲಿ ಬಂಡೆ ಇದೆ, ದೂರ ಹೋಗಿ ಅಂತ ಎಚ್ಚರಿಸುತ್ತದೆ.

ಹರಿಹರದ ನೀರು ಎಲ್ಲಿಗೆ ಹೋಗುತ್ತದೆ?

"ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ?" ಅಂತ ಒಬ್ಬರು ಕೇಳಿದರು. ಸಂಬಂಧ ಇದೆ. ಹರಿಹರದಲ್ಲಿ ತುಂಗಭದ್ರೆ ಹರಿಯುತ್ತಾಳೆ. ದಾವಣಗೆರೆಯಿಂದ ಪಡುವಣ ಕಡಲು ಸುಮಾರು 160 ಕಿಲೋಮೀಟರು. ಹತ್ತಿರದ ಕಡಲು ಅದೇ. ಆದರೆ ತುಂಗಭದ್ರೆ ಆ ಕಡೆ ಹೋಗುವುದಿಲ್ಲ. ನಡುವೆ ಪಶ್ಚಿಮ ಘಟ್ಟ ಗೋಡೆಯಂತೆ ನಿಂತಿದೆ.

ಪಶ್ಚಿಮ ಘಟ್ಟದಲ್ಲಿ ಗಂಗಾಮೂಲ ಅಂತ ಒಂದು ಜಾಗ ಇದೆ. ತುಂಗೆ, ಭದ್ರೆ ಇಬ್ಬರ ತವರು ಅದು. ಶಿವಮೊಗ್ಗ ಹತ್ತಿರದ ಕೂಡ್ಲಿಯಲ್ಲಿ ಇಬ್ಬರೂ ಸೇರುತ್ತಾರೆ. ತುಂಗಭದ್ರೆಯಾಗಿ ಹರಿಹರ ದಾಟುತ್ತಾರೆ. ಮುಂದೆ ಕೃಷ್ಣೆಯನ್ನು ಸೇರಿ ಆಂಧ್ರಪ್ರದೇಶದಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತಾರೆ. ಅದು ಮೂಡಣ ಕಡಲು. ಅದೇ ಬೆಟ್ಟಸಾಲಿನ ನೇತ್ರಾವತಿ ಮಂಗಳೂರಿಗೆ ಇಳಿದು ಅರಬ್ಬಿ ಸಮುದ್ರ ಸೇರುತ್ತಾಳೆ. ಅದು ಪಡುವಣ ಕಡಲು.

ಒಂದೇ ತವರಿನ ಹೆಣ್ಣುಮಕ್ಕಳು. ಒಬ್ಬರನ್ನು ಮೂಡಣಕ್ಕೆ ಕೊಟ್ಟರು. ಒಬ್ಬಳನ್ನು ಪಡುವಣಕ್ಕೆ ಕೊಟ್ಟರು. ಆ ಎರಡು ಕಡಲು ಸೇರುವುದು ಎಲ್ಲಿ? ಕನ್ಯಾಕುಮಾರಿಯಲ್ಲಿ. ತೆಂಕಣಕ್ಕೆ ಹಿಂದೂ ಮಹಾಸಾಗರವೂ ಇದೆ. ಅದಕ್ಕೇ ಮೂರು ಕಡಲು ಕೂಡುವ ಜಾಗ ಅಂತ ಅದಕ್ಕೆ ಹೆಸರು.

ಅಲ್ಲಿ ಕಡಲುಗಳ ನಡುವೆ ಗೆರೆ ಕಾಣುತ್ತದೆಯೇ? ಇಲ್ಲ. ಕಡಲಿಗೆ ಬೇಲಿ ಇಲ್ಲ. ನೀರು ಒಂದೇ. ಇದು ಈ ಕಡಲು, ಅದು ಆ ಕಡಲು ಅಂತ ಹೆಸರಿಟ್ಟವರು ಮನುಷ್ಯರು.

ಕನ್ಯಾಕುಮಾರಿ ಎಂಬ ಹೆಸರು

ಈ ಹೆಸರು ಅಲ್ಲಿನ ದೇವಿಯಿಂದ ಬಂದದ್ದು. ದೇವಿ ಮದುವೆಯಾಗದ ಕನ್ಯೆ. ಒಂದು ಕಥೆ ಹೇಳುತ್ತಾರೆ. ಶಿವನ ಜೊತೆ ದೇವಿಯ ಮದುವೆ ಗೊತ್ತಾಗಿತ್ತು. ಬೆಳಗಾಗುವ ಮೊದಲೇ ಮುಹೂರ್ತ. ಆದರೆ ಬಾಣಾಸುರನನ್ನು ಕನ್ಯೆಯೇ ಕೊಲ್ಲಬೇಕಿತ್ತು. ಮದುವೆ ತಪ್ಪಿಸಲು ನಾರದ ಕೋಳಿಯಾಗಿ ಕೂಗಿದ. ಬೆಳಗಾಯಿತು ಅಂದುಕೊಂಡು ಶಿವ ಹಿಂತಿರುಗಿದ. ಮದುವೆಗೆ ತಂದ ಅಕ್ಕಿ ಬೇಳೆ ಹಾಗೇ ಉಳಿದು ಬಣ್ಣಬಣ್ಣದ ಮರಳಾಯಿತು. ಇದು ಕಥೆ.

ಆ ಮರಳು ಮಾತ್ರ ನಿಜ. ಅಲ್ಲಿಂದ ಬಂದವರು ಅದನ್ನು ಪೊಟ್ಟಣ ಕಟ್ಟಿ ತರುತ್ತಾರೆ. ಕಪ್ಪು ಮರಳಿನಲ್ಲಿ ಇಲ್ಮೆನೈಟ್ ಎಂಬ ಖನಿಜ ಇದೆ. ಕೆಂಪು ಮರಳಿನಲ್ಲಿ ಗಾರ್ನೆಟ್ ಇದೆ. ಬೆಟ್ಟದ ಕಲ್ಲು ಸವೆದು, ಮಳೆ ನೀರಿನಲ್ಲಿ ಹರಿದು ದಡ ಸೇರಿದೆ. ಕಥೆಯನ್ನೂ ಕೇಳೋಣ. ಕಾರಣವನ್ನೂ ತಿಳಿಯೋಣ.

ಈ ಹೆಸರು ಬಹಳ ಹಳೆಯದು. ಸುಮಾರು 1,900 ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಅದು ಹಡಗಿನ ವ್ಯಾಪಾರಿಗಳಿಗೆ ದಾರಿ ಹೇಳುವ ಪುಸ್ತಕ. ಅದರಲ್ಲಿ ಈ ಜಾಗದ ಹೆಸರಿದೆ. ಅಲ್ಲಿ ದೇವಿ ಇದ್ದಾಳೆ, ಹೆಂಗಸರು ಗಂಡಸರು ಬಂದು ಸ್ನಾನ ಮಾಡುತ್ತಾರೆ ಎಂಬ ಮಾತೂ ಇದೆ. ಕುಮಾರಿ ಎಂಬ ಹೆಸರು ಪರದೇಶದವರ ಬಾಯಲ್ಲಿ ಕೊಮೊರಿನ್ ಆಯಿತು. ಬ್ರಿಟಿಷರ ನಕ್ಷೆಯಲ್ಲಿ ಕೇಪ್ ಕೊಮೊರಿನ್ ಅಂತ ಬರೆದರು. ಈಗ ನಮ್ಮ ನಕ್ಷೆಯಲ್ಲಿ ಕನ್ಯಾಕುಮಾರಿ ಅಂತಲೇ ಇದೆ. ಆದರೂ ಹವಾಮಾನ ವರದಿಯಲ್ಲಿ ಕೊಮೊರಿನ್ ಪ್ರದೇಶ ಅನ್ನುವುದು ಇಂದಿಗೂ ಉಳಿದಿದೆ. ಒಮ್ಮೆ ಕಾಗದದ ಮೇಲೆ ಬಿದ್ದ ಹೆಸರು ಸುಲಭಕ್ಕೆ ಹೋಗುವುದಿಲ್ಲ.

ಕನ್ಯಾಕುಮಾರಿ ಮೊದಲು ತಿರುವಾಂಕೂರು ಸೀಮೆಯಲ್ಲಿತ್ತು. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯಕ್ಕೆ ಸೇರಿತು. ಈಗ ಅದು ತಮಿಳುನಾಡು. ಅದೇ ದಿನವೇ ಕನ್ನಡ ಸೀಮೆಗಳೂ ಒಂದಾದವು. ನಮ್ಮ ರಾಜ್ಯೋತ್ಸವದ ದಿನ ಅದು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವು ಚಿತ್ರದುರ್ಗ ಜಿಲ್ಲೆಯವರು. ನೆಲ ಅಲ್ಲೇ ಇತ್ತು. ಕಾಗದದ ಮೇಲಿನ ಗೆರೆ ಬದಲಾಯಿತು.

ನಿಜವಾದ ತುದಿ ಯಾವುದು?

ಕನ್ಯಾಕುಮಾರಿಯೇ ಭಾರತದ ಕೊನೆಯೇ? ನಮ್ಮ ಮುಖ್ಯ ನೆಲಕ್ಕೆ ಅದು ಕೊನೆ. ಆದರೆ ಬಂಗಾಳ ಕೊಲ್ಲಿಯ ಆಚೆ ನಿಕೋಬಾರ್ ದ್ವೀಪಗಳಿವೆ. ಅವೂ ಭಾರತವೇ. ಅಲ್ಲಿ ಗ್ರೇಟ್ ನಿಕೋಬಾರ್ ದ್ವೀಪದ ತುದಿ ಇನ್ನೂ ದಕ್ಷಿಣಕ್ಕಿದೆ. ಅದರ ಹೆಸರು ಇಂದಿರಾ ಪಾಯಿಂಟ್. ಮೊದಲು ಅದಕ್ಕೆ ಪಿಗ್ಮೇಲಿಯನ್ ಪಾಯಿಂಟ್ ಅಂತ ಹೆಸರಿತ್ತು. ಆಮೇಲೆ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರ ಹೆಸರಿಟ್ಟರು.

2004ರ ಡಿಸೆಂಬರ್ 26ರಂದು ಕಡಲ ತಳದಲ್ಲಿ ದೊಡ್ಡ ಭೂಕಂಪ ಆಯಿತು. ಸುನಾಮಿ ಅಲೆ ಎದ್ದಿತು. ಕನ್ಯಾಕುಮಾರಿಯ ಕಡಲ ದಂಡೆಯಲ್ಲೂ ಬಹಳ ಜನ ಸತ್ತರು. ಇಂದಿರಾ ಪಾಯಿಂಟಿನಲ್ಲಿ ನೆಲವೇ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ದಡದ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು. ತುದಿ ಅಂದರೆ ಕಲ್ಲಲ್ಲಿ ಕೊರೆದ ಗೆರೆಯಲ್ಲ. ಕಡಲು ಅದನ್ನು ತಿದ್ದುತ್ತಲೇ ಇರುತ್ತದೆ.

ಭಾರತ ಇರುವುದು ಏಷ್ಯಾ ಖಂಡದಲ್ಲಿ. ಖಂಡ ಅಂದರೆ ಹಲವು ದೇಶಗಳಿರುವ ಬಹಳ ದೊಡ್ಡ ನೆಲ. ಇಡೀ ಏಷ್ಯಾದ ಮುಖ್ಯ ನೆಲದ ದಕ್ಷಿಣ ತುದಿ ಇರುವುದು ಮಲೇಷ್ಯಾ ದೇಶದಲ್ಲಿ. ಹೆಸರು ತಾಂಜುಂಗ್ ಪಿಯಾಯ್. ಅಲ್ಲಿನ ಭಾಷೆಯಲ್ಲಿ ತಾಂಜುಂಗ್ ಅಂದರೆ ಭೂಶಿರ.

ಬಿರುಗಾಳಿಯೋ, ಭರವಸೆಯೋ?

ಈಗ ಆಫ್ರಿಕಾ ಖಂಡದ ತುದಿಗೆ ಹೋಗೋಣ. ಅರಬ್ಬಿ ಸಮುದ್ರದ ಆಚೆ ದಡವೇ ಆಫ್ರಿಕಾ. ಅದರ ತೆಂಕಣ ತುದಿಯ ಹತ್ತಿರ ಒಂದು ಹೆಸರಾದ ಭೂಶಿರ ಇದೆ.

ಆಗ ಯುರೋಪಿನವರಿಗೆ ನಮ್ಮ ಮೆಣಸು ಬೇಕಿತ್ತು. ನೇರವಾಗಿ ಬರಲು ಕಡಲ ದಾರಿ ಗೊತ್ತಿರಲಿಲ್ಲ. ಪೋರ್ಚುಗಲ್ ದೇಶದ ಬಾರ್ತೊಲೊಮಿಯು ಡಯಾಸ್ ಎಂಬ ನಾವಿಕ 1488ರಲ್ಲಿ ಆಫ್ರಿಕಾದ ತುದಿ ಸುತ್ತಿದ. ಹೋಗುವಾಗ ಬಿರುಗಾಳಿಗೆ ಸಿಕ್ಕಿ ತುದಿ ದಾಟಿದ್ದೇ ಗೊತ್ತಾಗಲಿಲ್ಲ. ಹಿಂತಿರುಗುವಾಗ ಭೂಶಿರವನ್ನು ಕಂಡ. ಅದಕ್ಕೆ 'ಬಿರುಗಾಳಿಯ ಭೂಶಿರ' ಅಂತ ಹೆಸರಿಟ್ಟ ಎಂದು ಪೋರ್ಚುಗಲ್ಲಿನ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿನ ದೊರೆಗೆ ಆ ಹೆಸರು ಹಿಡಿಸಲಿಲ್ಲ. ಅಂಥ ಹೆಸರು ಕೇಳಿದರೆ ಯಾರು ಹಡಗು ಹತ್ತುತ್ತಾರೆ? ದೊರೆ ಅದನ್ನು 'ಒಳ್ಳೆಯ ಭರವಸೆಯ ಭೂಶಿರ' ಎಂದು ಬದಲಿಸಿದ. ಗುಡ್ ಹೋಪ್ ಭೂಶಿರ ಅನ್ನುವುದು ಅದನ್ನೇ. ಇಂಡಿಯಾದ ದಾರಿ ಸಿಗುವ ಭರವಸೆ ಅದು.

ಹಡಗು ನಡೆಸಿದವನು ಕಂಡದ್ದು ಬಿರುಗಾಳಿ. ಅರಮನೆಯಲ್ಲಿ ಕೂತವನು ಕಂಡದ್ದು ಲಾಭ. ಉಳಿದದ್ದು ಅರಮನೆಯ ಹೆಸರು. 1500ರಲ್ಲಿ ಅದೇ ಭೂಶಿರದ ಹತ್ತಿರ ಬಿರುಗಾಳಿಗೆ ಸಿಕ್ಕಿ ಡಯಾಸ್ ಸತ್ತ. ಹೆಸರು ಬದಲಾಯಿಸಿದರೆ ಗಾಳಿ ಬದಲಾಗುವುದಿಲ್ಲ.

ಇನ್ನೊಂದು ಸಂಗತಿ. ಗುಡ್ ಹೋಪ್ ಭೂಶಿರವೇ ಆಫ್ರಿಕಾದ ತುದಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಅಲ್ಲಿಂದ ಸುಮಾರು 150 ಕಿಲೋಮೀಟರು ಆಗ್ನೇಯಕ್ಕೆ ಅಗುಲ್ಹಾಸ್ ಭೂಶಿರ ಇದೆ. ನಿಜವಾದ ತುದಿ ಅದು. ಅಟ್ಲಾಂಟಿಕ್ ಸಾಗರ, ಹಿಂದೂ ಮಹಾಸಾಗರ ಎರಡರ ಗಡಿಯನ್ನೂ ಅಲ್ಲೇ ಗುರುತಿಸಿದ್ದಾರೆ. ಪೋರ್ಚುಗೀಸ್ ಭಾಷೆಯಲ್ಲಿ ಅಗುಲ್ಹಾಸ್ ಅಂದರೆ ಸೂಜಿಗಳು. ಬಟ್ಟೆ ಹೊಲಿಯುವ ಸೂಜಿ ಅಲ್ಲ. ದಿಕ್ಕು ತೋರಿಸುವ ದಿಕ್ಸೂಚಿಯ ಸೂಜಿ. ಆ ಕಾಲದಲ್ಲಿ ದಿಕ್ಸೂಚಿಯ ಸೂಜಿ ಅಲ್ಲಿ ಆಚೆ ಈಚೆ ವಾಲದೆ ನಿಜವಾದ ಉತ್ತರವನ್ನೇ ತೋರಿಸುತ್ತಿತ್ತು. ಅದಕ್ಕೇ ಆ ಹೆಸರು.

ಹೆಸರು ಒಬ್ಬರಿಗೆ, ದುಡಿಮೆ ಇನ್ನೊಬ್ಬರದು ಅನ್ನುತ್ತೇವಲ್ಲ, ಹಾಗೆ. ತುದಿಯಲ್ಲಿ ನಿಂತದ್ದು ಅಗುಲ್ಹಾಸ್. ಹೆಸರಾದದ್ದು ಗುಡ್ ಹೋಪ್.

ಯಾರಿಗೆ ಭರವಸೆ?

ಆ ಜಾಗ ಖಾಲಿ ಇತ್ತೇ? ಇಲ್ಲ. ಅಲ್ಲಿ ಕೋಯ್‌ಕೋಯ್ ಎಂಬ ಜನ ದನ ಕುರಿ ಮೇಯಿಸಿಕೊಂಡು ಬದುಕುತ್ತಿದ್ದರು. ಅಲ್ಲಿನ ದೊಡ್ಡ ಬೆಟ್ಟವನ್ನು ಅವರು ಹೂರಿಕ್ವಾಗೊ, ಅಂದರೆ ಕಡಲ ಬೆಟ್ಟ ಅನ್ನುತ್ತಿದ್ದರು. ನಕ್ಷೆಯಲ್ಲಿ ಅದು ಟೇಬಲ್ ಬೆಟ್ಟ ಆಯಿತು. ನೆಲದಲ್ಲಿ ಇದ್ದವರು ಇಟ್ಟ ಹೆಸರು ಬಾಯಲ್ಲಿತ್ತು. ಹಡಗಿನಲ್ಲಿ ಬಂದವರು ಇಟ್ಟ ಹೆಸರು ಕಾಗದದಲ್ಲಿತ್ತು. ಗೆದ್ದದ್ದು ಕಾಗದ.

ಡಯಾಸ್ ತೋರಿಸಿದ ದಾರಿಯಲ್ಲೇ ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಹಿಂತಿರುಗುವಾಗ ನಮ್ಮ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತಂಗಿದ. ಆಮೇಲೆ ಪೋರ್ಚುಗೀಸರು ಕೋಟೆ ಕಟ್ಟಿದರು. ತಮ್ಮ ಪರವಾನಗಿ ಚೀಟಿ ಇಲ್ಲದೆ ಯಾರೂ ಹಡಗು ನಡೆಸಬಾರದು ಅಂದರು. ಕಪ್ಪ ಕೇಳಿದರು. ಉಳ್ಳಾಲದ ರಾಣಿ ಅಬ್ಬಕ್ಕ ಕೊಡುವುದಿಲ್ಲ ಎಂದು 16ನೇ ಶತಮಾನದಲ್ಲಿ ಅವರ ಎದುರು ಹೋರಾಡಿದಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರೇ 'ಮೆಣಸಿನ ರಾಣಿ' ಅಂತ ಕರೆದರು. ದೊರೆಯ ಭರವಸೆ ನಮ್ಮ ಕರಾವಳಿಗೆ ಕದನವಾಗಿ ಬಂತು.

1652ರಲ್ಲಿ ಡಚ್ಚರು ಗುಡ್ ಹೋಪ್ ಹತ್ತಿರ ನೆಲೆ ಊರಿದರು. ದುಡಿಸಿಕೊಳ್ಳಲು ಗುಲಾಮರನ್ನು ತಂದರು. ಗುಲಾಮರೆಂದರೆ ದನದ ಹಾಗೆ ಕೊಂಡು ಮಾರಿದ ಮನುಷ್ಯರು. ಭಾರತದಿಂದಲೂ ತಂದರು. ಅವರಲ್ಲಿ ಬಂಗಾಳದ ಒಬ್ಬ ಹೆಣ್ಣುಮಗಳಿದ್ದಳು. ದಾಖಲೆಯಲ್ಲಿ ಅವಳ ಹೆಸರು 'ಬಂಗಾಳದ ಏಂಜೆಲಾ'. ಏಂಜೆಲಾ ಅನ್ನುವುದು ಬಂಗಾಳಿ ಹೆಸರಲ್ಲ. ತಂದವರ ನಾಲಿಗೆಗೆ ಹೊಂದುವ ಹೆಸರು. ಅವಳನ್ನು ಒಬ್ಬರಿಂದ ಒಬ್ಬರಿಗೆ ಮಾರಿದರು. 1666ರಲ್ಲಿ ಬಿಡುಗಡೆ ಸಿಕ್ಕಿತು. ಆಮೇಲೆ ಅದೇ ಊರಿನಲ್ಲಿ ಅವಳ ಹೆಸರಿಗೆ ಜಾಗವೂ ಆಯಿತು. ಮಾರಾಟದ ಪತ್ರದಲ್ಲಿ ಬಿದ್ದ ಹೆಸರೇ ಅವಳ ಸ್ವಂತ ಜಾಗದ ಪತ್ರಕ್ಕೂ ಬಂತು.

ಇದನ್ನು ಓದಿದಾಗ ನಮ್ಮ ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ.

ನಮ್ಮ ಹೆಸರು ಎಲ್ಲಿದೆ?

ಸ್ವಲ್ಪ ಹೊತ್ತಿನ ಮೇಲೆ ನಕ್ಷೆಯ ಮೇಲೆ ಬೆರಳಿಟ್ಟಿದ್ದ ಅಕ್ಕನೇ ಮಾತಾಡಿದರು. "ನನ್ನ ಕಥೀನೂ ಹಂಗೇ ಐತಿ" ಅಂದರು.

ಓಣಿಯಲ್ಲಿ ಅವರನ್ನು ಮಗನ ಹೆಸರು ಹಿಡಿದು 'ಇಂಥವನ ಅವ್ವ' ಅಂತಾರೆ. ಗಂಡನ ಮನೆಗೆ ಬಂದಾಗ ಅತ್ತೆ ಬೇರೆ ಹೆಸರಿಟ್ಟು ಕರೆದರು. ಮನೆಯ ಹಕ್ಕುಪತ್ರ ಬರೆಯುವಾಗ ಹೆಸರು ಕೇಳಿದ್ದು ಇವರನ್ನಲ್ಲ. ಪಕ್ಕದಲ್ಲಿ ನಿಂತವರು ಹೇಳಿದ್ದನ್ನೇ ಬರೆದುಕೊಂಡರು. ಇವರು ಹೆಬ್ಬೆಟ್ಟು ಒತ್ತಿ ಬಂದರು. ಹನ್ನೊಂದು ವರ್ಷ ಪತ್ರ ಪೆಟ್ಟಿಗೆಯಲ್ಲಿತ್ತು. ಓದು ಕಲಿತ ಮೇಲೆ ಒಂದು ದಿನ ತೆಗೆದು ನೋಡಿದರು. 'ಕೋಂ' ಅಂತ ಇತ್ತು. ಕೋಂ ಅಂದರೆ ಇಂಥವರ ಹೆಂಡತಿ. ಕೋಂ ಆದ ಮೇಲೆ ಗಂಡನ ಹೆಸರು ಸರಿ ಇತ್ತು. ಮೊದಲು ಇದ್ದ ಹೆಸರು ಇವರದಲ್ಲ! ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು.

ಗಂಡ ತೀರಿಕೊಂಡಿದ್ದರು. ಮನೆ ತನ್ನದು ಅಂತ ತೋರಿಸಲು ಇದ್ದದ್ದು ಅದೊಂದೇ ಕಾಗದ. ಅಕ್ಕ ತಾವೇ ಅರ್ಜಿ ಬರೆದರು. ನಾವು ಕಾಗುಣಿತ ಮಾತ್ರ ನೋಡಿದೆವು. ಮೂರು ಸಲ ಕಚೇರಿಗೆ ಅಲೆದರು. ಎರಡು ಸಲ ನಾಳೆ ಬಾ ಅಂದರು. ಮೂರನೇ ಸಲ ಹೆಸರು ತಿದ್ದಿ ಕೊಟ್ಟರು. ಕೊಡುವಾಗ ಹೆಬ್ಬೆಟ್ಟಿಗೆ ಮಸಿ ಮುಂದಿಟ್ಟರು. ಅಕ್ಕ ಪೆನ್ನು ಕೇಳಿ ಸಹಿ ಹಾಕಿದರು.

ನಮಗೂ ಅದನ್ನು ಕೇಳಿ ಒಂದು ವಿಷಯ ತಿಳಿಯಿತು. ನಕ್ಷೆ ಒಂದು ಕಾಗದ. ಹಕ್ಕುಪತ್ರವೂ ಒಂದು ಕಾಗದ. ಬರೆಯುವ ಜಾಗದಲ್ಲಿ ನಾವು ಇಲ್ಲದಿದ್ದರೆ ನಮ್ಮ ಹೆಸರನ್ನು ಬೇರೆಯವರು ಬರೆಯುತ್ತಾರೆ. ಅವರಿಗೆ ತಿಳಿದ ಹಾಗೆ ಬರೆಯುತ್ತಾರೆ.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಂಗಸೇ. ಮನೆಯಲ್ಲಿ 18 ವರ್ಷ ತುಂಬಿದ ಹಿರಿಯ ಹೆಣ್ಣುಮಗಳ ಹೆಸರು ಮೊದಲು ಬರಬೇಕು. ಆ ಹೆಸರು ಸರಿಯಾಗಿದೆಯೇ? ನಾವೇ ಓದಿ ನೋಡಬೇಕು.

ಪಾಠ ಮುಗಿಯಿತು. ನಕ್ಷೆಯನ್ನು ಗೋಡೆಯಿಂದ ಇಳಿಸಲಿಲ್ಲ. ಅಜ್ಜಿ ಹೋಗುವ ಮುಂಚೆ ಅದರ ಹತ್ತಿರ ಬಂದರು. ದಾವಣಗೆರೆಯ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಮೆಲ್ಲಗೆ ಬರೆದರು: ನಿಟ್ಟುವಳ್ಳಿ. ಅಕ್ಷರ ಸ್ವಲ್ಪ ಸೊಟ್ಟ ಇತ್ತು. ಹೆಸರು ಸರಿಯಾಗಿತ್ತು.

ಗುಂಪಿನಲ್ಲಿ ಮಾತಾಡೋಣ

1. ನಮ್ಮ ಓಣಿ, ಊರು, ಕೆರೆಗೆ ಆ ಹೆಸರು ಹೇಗೆ ಬಂತು? ಹಿರಿಯರನ್ನು ಕೇಳಿ ಬರೆಯೋಣ.

2. 'ಬಿರುಗಾಳಿಯ ಭೂಶಿರ', 'ಒಳ್ಳೆಯ ಭರವಸೆಯ ಭೂಶಿರ'. ನಾವಾಗಿದ್ದರೆ ಯಾವ ಹೆಸರು ಇಡುತ್ತಿದ್ದೆವು? ಯಾಕೆ?

3. ಮನೆಗೆ ಹೋಗಿ ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಮನೆಯ ಪತ್ರ ತೆಗೆಯೋಣ. ಮೂರರಲ್ಲೂ ನಮ್ಮ ಹೆಸರು ಒಂದೇ ಥರ ಇದೆಯೇ? ನಾಳೆ ಬಂದು ಹೇಳೋಣ.